ತೆವಳುವ ಮಗುವಿರುವ ಮನೆಗೆ ಕಣಗಿಲೆ ಬೇಡ

ನೀರು ಕಡಿಮೆಯಾದರೂ ಕಣಗಿಲೆ ಬಾಡುವುದಿಲ್ಲ. ಸುಡುಬಿಸಿಲಿನಲ್ಲೂ ಗೊಂಚಲು ಗೊಂಚಲಾಗಿ ಅರಳುತ್ತದೆ, ದನ ಮೇಕೆಗಳೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಯಾಕೆ ಹಾಕುವುದಿಲ್ಲ ಎಂದು ಕೇಳಿಕೊಂಡರೆ ಗಿಡದ ಇನ್ನೊಂದು ಮುಖ ಕಾಣುತ್ತದೆ. ಹಸಿ ಎಲೆ ವಿಪರೀತ ಕಹಿ, ಜೊತೆಗೆ ಅದರಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಬೇರು, ಕಾಂಡ, ಎಲೆ, ಹೂವು, ಬೀಜ ಯಾವುದೂ ಇದಕ್ಕೆ ಹೊರತಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವೋ, ಎಲೆ ಕಚ್ಚುವ ನಾಯಿಮರಿಯೋ ಮನೆಯಲ್ಲಿದ್ದರೆ ಹೊಸದಾಗಿ ನೆಡಲೇಬೇಡಿ.

ಇರುವ ಗಿಡ ಅದೇ ಹೌದೋ ಅಲ್ಲವೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕೆಂಪು, ಬಿಳಿ, ಗುಲಾಬಿ ಬಣ್ಣದ ಕಣಗಿಲೆಯಲ್ಲಿ ದಪ್ಪ, ಉದ್ದನೆಯ ಎಲೆಗಳು ಸಾಮಾನ್ಯವಾಗಿ ಒಂದೊಂದು ಗಿಣ್ಣಿಗೆ 3ರಂತೆ ಇರುತ್ತವೆ. ಹಳದಿ ಕಣಗಿಲೆಯ ಎಲೆ ಇನ್ನೂ ಸಪೂರ, ಮುರಿದರೆ ಹಾಲು ಬರುತ್ತದೆ. ಮಕ್ಕಳ ಮಟ್ಟಿಗೆ ಹೆಚ್ಚು ಭಯ ಈ ಹಳದಿಯದೇ. ಅದರ ಹಸಿರು ಕಾಯಿ ಆಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಒಳಗಿನ ಬೀಜವೋ ಘೋರ ವಿಷ. ಕಾಯಿ ಕಂಡ ದಿನವೇ ಕಿತ್ತುಬಿಡಿ, ಉದುರಿದ್ದನ್ನು ಹೆಕ್ಕಿಬಿಡಿ. ಕಾಶಿ ಕಣಗಿಲೆ ಎನ್ನುವ ನಿತ್ಯಪುಷ್ಪ ಬೇರೆಯೇ ಗಿಡ. ಹಾಗೆಂದು ಅದೂ ತಿನ್ನುವಂಥದ್ದಲ್ಲ.

ಹೆಚ್ಚಿನವರು ಎಡವುವುದು ಒಣ ಎಲೆಯ ವಿಷಯದಲ್ಲಿ. ಒಣಗಿದರೆ ಕಹಿ ತಗ್ಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ಹಸಿ ಎಲೆಯನ್ನು ಮೂಸಿಯೂ ನೋಡದ ಮೇಕೆ, ಸವರಿ ಬಿಸಾಡಿದ ಒಣ ರೆಂಬೆಯನ್ನು ಹುಲ್ಲಿನ ಜೊತೆ ಮೆದ್ದುಬಿಡಬಹುದು. ಆದ್ದರಿಂದ ಸವರಿದ್ದನ್ನು ಅಂಗಳದಲ್ಲಿ ರಾಶಿ ಹಾಕದೆ ಅಂದೇ ಚೀಲಕ್ಕೆ ತುಂಬಿ ಕಟ್ಟಿ. ಸುಡುವುದಂತೂ ಕೂಡದು, ಹೊಗೆಯೂ ಅಪಾಯಕಾರಿ. ಇದರ ಕಡ್ಡಿಯನ್ನು ಆಹಾರ ಚುಚ್ಚಿ ಸುಡಲು ಬಳಸಬೇಡಿ. ಹೂದಾನಿಯಲ್ಲಿಟ್ಟರೆ ಆ ನೀರನ್ನು ಬೆಕ್ಕು ನಾಯಿ ನೆಕ್ಕದಂತೆ ನೋಡಿಕೊಳ್ಳಿ. ಸವರುವಾಗ ಕೈಗವಸು, ತುಂಬುತೋಳಿನ ಅಂಗಿ ಇರಲಿ, ಯಾಕೆಂದರೆ ರಸ ತಾಗಿದರೆ ಕೆಲವರಿಗೆ ಚರ್ಮ ಉರಿದು ಕೆಂಪಾಗುತ್ತದೆ. ಕತ್ತರಿಯನ್ನು ಸೋಪಿನಿಂದ ತೊಳೆದೇ ಎತ್ತಿಡಿ. ಗಿಡವನ್ನೇ ತೆಗೆಯುವುದಾದರೆ ಬುಡಕ್ಕೆ ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಸುತ್ತ ಅಗೆದು ಬೇರುಸಮೇತ ಕೀಳಬೇಕು.

ಮಗು ಅಗಿದದ್ದು ಕಂಡರೆ ಬಾಯಲ್ಲಿರುವುದನ್ನು ಬೆರಳಿನಿಂದ ತೆಗೆದು, ಬಾಯಿ ಒರೆಸಿ ಅಥವಾ ಮುಕ್ಕಳಿಸಲು ಹೇಳಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂದು ನಂಬಿ ಕೂರಬೇಡಿ. ವಾಂತಿ, ಹೊಟ್ಟೆನೋವು, ಭೇದಿ, ಮಂಪರು, ನಾಡಿ ನಿಧಾನವಾಗುವುದು ಅಥವಾ ತಾಳ ತಪ್ಪುವುದು ಇದರ ಲಕ್ಷಣಗಳು. ಇವು ಕಾಣಿಸಿಕೊಳ್ಳಲು ಕೆಲವು ಗಂಟೆ ಹಿಡಿಯಬಹುದು, ಮಗು ಆಡಿಕೊಂಡಿದೆ ಎಂದು ಕಾಯುವಂತಿಲ್ಲ. ಗಿಡದ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿ ಒಯ್ಯಿರಿ. ಯಾವ ಭಾಗ, ಸುಮಾರು ಎಷ್ಟು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಹೇಳಿದರೆ ವೈದ್ಯರಿಗೆ ದಾರಿ ಸಲೀಸು. ನಾಯಿ, ಬೆಕ್ಕು, ದನ ತಿಂದರೂ ಹೀಗೆಯೇ ಪಶುವೈದ್ಯರ ಬಳಿ ಓಡಿ.

ಆ ಜಾಗಕ್ಕೆ ಏನು ನೆಡುವುದು? ಬಿಸಿಲು ಚೆನ್ನಾಗಿ ಬೀಳುವಲ್ಲಿ ನಮ್ಮ ಮಾಮೂಲಿ ಕೆಂಪು ದಾಸವಾಳ ಆದೀತು. ನಾಯಿ ತುಂಬಾ ತಿಂದರೆ ಹೊಟ್ಟೆ ಕೆಡಬಹುದು, ಅಷ್ಟೇ. ಮಲ್ಲಿಗೆ, ಜರ್ಬೆರಾ ಕೂಡ ನಿಶ್ಚಿಂತೆ. ಗುಲಾಬಿಯಲ್ಲಿ ವಿಷವಿಲ್ಲ, ಮುಳ್ಳಿನ ಎಚ್ಚರವಿರಲಿ. ಸೇವಂತಿಗೆ ತಿಂದ ಬೆಕ್ಕು ನಾಯಿಗೆ ವಾಂತಿಯಾಗುತ್ತದೆ, ಹಾಗಾಗಿ ಅದನ್ನು ಎತ್ತರದಲ್ಲಿಡಿ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವನ್ನು ಹೂಗುಚ್ಛದಲ್ಲೂ ತರಬೇಡಿ. ಮೈಗೆ ಮೆತ್ತಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಸಾಕು, 2–3 ದಿನದಲ್ಲಿ ಬೆಕ್ಕಿನ ಮೂತ್ರಪಿಂಡ ಕೈಕೊಡಬಹುದು.