ಎಷ್ಟು ಕೊಡುತ್ತೆ ಅಂತ ಕೇಳುವ ಮೊದಲು: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಸಣ್ಣ ಕಾರಿನ ಪಾಠ

ಯುಗಾದಿ ಊಟದ ಸಾಲಿರಲಿ, ಮಕ್ಕಳ ಕನ್ನಡ ಕ್ಲಾಸಿನ ಬಾಗಿಲಿರಲಿ, ಹೊಸದಾಗಿ ಬಂದವರು ಯಾರಾದರೂ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ. "ಅಣ್ಣಾ, ಒಂದು ಕಾರು ತಗೋಬೇಕು. ಯಾವುದು ಜಾಸ್ತಿ ಮೈಲೇಜ್ ಕೊಡುತ್ತೆ?" ನನಗೆ ನಗು ಬರುತ್ತದೆ. 2014ರಲ್ಲಿ ಲಂಡನ್ ಪಕ್ಕದ ಸ್ಲೌಗೆ ಬಂದಾಗ ನಾನೂ ಇದನ್ನೇ ಕೇಳಿಕೊಂಡು ತಿರುಗಿದ್ದೆ. ಸಿಕ್ಕ ಉತ್ತರವನ್ನೂ ತಪ್ಪಾಗಿಯೇ ಹಂಚಿದ್ದೆ.

ಆಗ ಕೊಂಡಿದ್ದು ಮೂರು ವರ್ಷ ಹಳೆಯ ಜರ್ಮನ್ ಡೀಸೆಲ್ ಸೆಡಾನ್. ಕಪ್ಪು ಬಣ್ಣ. ತಿಪಟೂರಿಗೆ ಫೋನ್ ಮಾಡಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಎಷ್ಟು ಕೊಡುತ್ತೆ?" "ನಲವತ್ತೈದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ನಲವತ್ತೈದಾ? ನನ್ನ ಬೈಕೇ ಅಷ್ಟು ಕೊಡಲ್ವಲ್ಲೋ!" ಸಂಜೆಯೊಳಗೆ ಸುದ್ದಿ ಕೊಬ್ಬರಿ ಮಂಡಿ ಮುಟ್ಟಿತ್ತು.

ನಾನು ಹೇಳಿದ್ದು ಗ್ಯಾಲನ್ನಿಗೆ 45 ಮೈಲಿ. ಇಲ್ಲಿಯ ಗ್ಯಾಲನ್ ಅಂದರೆ ನಾಲ್ಕೂವರೆ ಲೀಟರಿಗಿಂತ ಚೂರು ಜಾಸ್ತಿ. ಇಲ್ಲಿಯವರು ಎಣ್ಣೆ ಕೊಳ್ಳುವುದು ಲೀಟರಿನಲ್ಲಿ, ಲೆಕ್ಕ ಹಾಕುವುದು ಗ್ಯಾಲನ್ನಿನಲ್ಲಿ, ಯಾಕೆ ಅಂತ ಕೇಳಬೇಡಿ. ಆ ಅಂಕಿಯನ್ನು 2.8ರಿಂದ ಭಾಗಿಸಿದರೆ ನಮ್ಮ ಊರಿನ ಮೈಲೇಜ್ ಸಿಗುತ್ತದೆ. 45 ಅಂದರೆ ಬರೀ 16. ಇದು ನನಗೆ ಗೊತ್ತಾದಾಗ ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ.

ಆ ಕಾರು ಯಾಕೆ ಕೊಂಡೆ? ನಿಜ ಹೇಳಬೇಕೆಂದರೆ ಫೋಟೋಗೆ. ಊರಲ್ಲಿ ಕಾರು ಬಂದರೆ ಬೀದಿಯೆಲ್ಲ ಹೊರಗೆ ಬರುತ್ತದೆ. ಮಕ್ಕಳು ಬಾನೆಟ್ ಮೇಲೆ ಕೈ ಇಡುತ್ತಾರೆ, ಯಾರಾದರೊಬ್ಬರು "ಎಷ್ಟಾಯ್ತು?" ಅಂತ ಕೇಳಿಯೇ ಕೇಳುತ್ತಾರೆ. ಇಲ್ಲಿ ಮನೆ ಮುಂದೆ ನಿಲ್ಲಿಸಿ, ಇಳಿದು, ಸುಮ್ನೆ ಐದು ನಿಮಿಷ ಪಕ್ಕದಲ್ಲೇ ನಿಂತಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಎದುರು ಮನೆಯವನು ಬಂದು ಕೇಳಿದ್ದು, ಸ್ವಲ್ಪ ಹಿಂದೆ ಹಾಕ್ತೀರಾ, ನನ್ನ ಗೇಟಿಗೆ ಅಡ್ಡ ಬರ್ತಿದೆ ಅಂತ. ಸಾಲು ಮನೆಗಳ ಬೀದಿಯಲ್ಲಿ ಇಷ್ಟು ಉದ್ದದ ಕಾರು ನಿಲ್ಲುತ್ತಾ ಅಂತ ಹೆಂಡತಿ ಮೊದಲೇ ಕೇಳಿದ್ದಳು. ಅವಳ ಮಾತು ಕೇಳದಿದ್ದದ್ದು ಈ ಕಥೆಯ ಎರಡನೇ ತಪ್ಪು.

ಮೂರನೆಯದು ಡೀಸೆಲ್. ಡೀಸೆಲ್ ಅಗ್ಗ, ಡೀಸೆಲ್ ಮೈಲೇಜ್ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಪೆಟ್ರೋಲಿಗಿಂತ ಡೀಸೆಲ್ಲೇ ತುಟ್ಟಿ. ಅದೂ ಹೋಗಲಿ. ಈಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಆಗಾಗ ಮೋಟಾರ್‌ವೇಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಜೋರಾಗಿ ಓಡಿಸಿದರೆ ಫಿಲ್ಟರ್ ಕಾದು ಮಸಿ ತಾನಾಗಿ ಸುಟ್ಟುಹೋಗುತ್ತದೆ. ನನ್ನ ಓಡಾಟ ಏನು? ನರ್ಸರಿಗೆ ಒಂದೂವರೆ ಮೈಲಿ, ಸ್ಟೇಷನ್ನಿಗೆ ಎರಡು ಮೈಲಿ. ಇಂಜಿನ್ ಬಿಸಿಯಾಗುವುದರೊಳಗೆ ಇಳಿಯುವ ಜಾಗ ಬಂದಿರುತ್ತಿತ್ತು. ಎರಡನೇ ಚಳಿಗಾಲದಲ್ಲಿ ಹಳದಿ ದೀಪ ಹತ್ತಿತು. ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ ಕೇಳಿದ: "ದಿನಕ್ಕೆ ಎಷ್ಟು ಮೈಲಿ?" "ಏಳು" ಅಂದೆ. ಡಾಕ್ಟರು ಬೀಡಿ ಸೇದುವವನನ್ನು ನೋಡುವ ಹಾಗೆ ನೋಡಿದ. ಬಿಲ್ 1,100 ಪೌಂಡ್.

ಅಂದಿನಿಂದ ನನ್ನ ಪ್ರಶ್ನೆಯೇ ಬದಲಾಯಿತು. ಎಷ್ಟು ಕೊಡುತ್ತೆ ಅನ್ನುವುದು ಆಮೇಲೆ. ಎಷ್ಟು ತಿನ್ನುತ್ತೆ ಅನ್ನುವುದು ಮೊದಲು.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 6,000 ಮೈಲಿ ಓಡಿಸುತ್ತೀರಿ ಅಂದುಕೊಳ್ಳಿ, ಸುಮಾರು 9,650 ಕಿಲೋಮೀಟರ್. ಲೀಟರಿಗೆ 16 ಕೊಡುವ ಕಾರಿಗೆ 600 ಲೀಟರ್ ಬೇಕು, 20 ಕೊಡುವುದಕ್ಕೆ 480. ಲೀಟರಿಗೆ 1.40 ಪೌಂಡ್ ಹಿಡಿದರೆ ವರ್ಷಕ್ಕೆ ಉಳಿಯುವುದು 170 ಪೌಂಡ್ ಆಸುಪಾಸು. ನಾವು ರಾತ್ರಿಯೆಲ್ಲ ನಿದ್ದೆಗೆಟ್ಟು ಹೋಲಿಸಿ ನೋಡುವುದು ಇಷ್ಟಕ್ಕೆ. ಮೊದಲ ವರ್ಷ ಇಂಡಿಯಾ ಲೈಸೆನ್ಸಿನ ಮೇಲೆ ನನ್ನ ಸೆಡಾನಿಗೆ ಕಟ್ಟಿದ ಇನ್ಶೂರೆನ್ಸ್ 1,900 ಪೌಂಡ್. ನನ್ನ ಜೊತೆಗೇ ಬಂದ ಹಾಸನದ ಹುಡುಗ ಒಂದು ಪುಟ್ಟ ಹ್ಯಾಚ್‌ಬ್ಯಾಕ್ ತಗೊಂಡು 800ಕ್ಕೆ ಮುಗಿಸಿದ್ದ. ಅವನ ಕಾರು ನೋಡಿ ನಾನು ಒಳಗೊಳಗೇ ನಕ್ಕಿದ್ದೆ.

ಇಲ್ಲಿ ಹೆಚ್ಚಿನ ಕಾರುಗಳಿಗೆ 1ರಿಂದ 50ರವರೆಗೆ ಇನ್ಶೂರೆನ್ಸ್ ಗ್ರೂಪ್ ಇದೆ. ಸಂಖ್ಯೆ ಸಣ್ಣದಾದಷ್ಟು ಕಂತು ಸಾಮಾನ್ಯವಾಗಿ ಕಡಿಮೆ. ಹೊಸಬರು ಹತ್ತರೊಳಗೇ ಹುಡುಕಿ. ಒಂದೇ ಕಾರಿನ ಸ್ಪೋರ್ಟ್ ಮಾಡೆಲ್ ಗ್ರೂಪಿನಲ್ಲಿ ಮೇಲೆ ಹೋಗಿರುತ್ತದೆ, ಅಲಾಯ್ ವೀಲ್ ನೋಡಿ ಮರುಳಾಗಬೇಡಿ. ಕಾರು ನೋಡಲು ಹೋಗುವ ಮೊದಲೇ ಇನ್ಶೂರೆನ್ಸ್ ವೆಬ್‌ಸೈಟಿನಲ್ಲಿ ಅದರ ನಂಬರ್ ಹಾಕಿ ಕಂತು ಎಷ್ಟಾಗುತ್ತದೆ ಅಂತ ನೋಡಿ. ಪಾಲಿಸಿ ಶುರುವಾಗುವ ದಿನಕ್ಕೆ ಮೂರು ವಾರ ಮುಂಚೆ ವಿಚಾರಿಸಿದರೆ ಹಿಂದಿನ ದಿನ ವಿಚಾರಿಸುವುದಕ್ಕಿಂತ ಅಗ್ಗ ಬೀಳುತ್ತದೆ. ಊರಿನ ನೋ ಕ್ಲೇಮ್ ಬೋನಸ್ ಕಾಗದವನ್ನು ಇಲ್ಲಿಯ ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ, ಅದನ್ನು ಹಿಡಿದು ವಾದ ಮಾಡಬೇಡಿ.

ಕಾಗದದ ಕೆಲಸ: ಇಂಡಿಯಾ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು. ಅಷ್ಟರಲ್ಲಿ ಪ್ರೊವಿಷನಲ್ (ಕಲಿಯುವವರ ಲೈಸೆನ್ಸ್), ಥಿಯರಿ, ರಸ್ತೆ ಟೆಸ್ಟ್ ಮುಗಿಸಿ. ಟೆಸ್ಟಿನ ತಾರೀಖಿಗೆ ತಿಂಗಳುಗಟ್ಟಲೆ ಕಾಯಬೇಕು, ಬಂದ ವಾರವೇ ಶುರು ಮಾಡಿ. ಟೆಸ್ಟನ್ನು ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಲೈಸೆನ್ಸ್ ಆಟೊಮ್ಯಾಟಿಕ್‌ಗೆ ಮಾತ್ರ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಕ್ಲಚ್ ತುಳಿದ ಕಾಲು ನಿಮ್ಮದು, ಮ್ಯಾನುಯಲ್‌ನಲ್ಲೇ ಕೊಡಿ. ಇನ್ನೊಂದು: ಹಳೆ ಕಾರು ಕೊಂಡರೆ ಹಿಂದಿನವರ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ಕಟ್ಟಿ, ಆಮೇಲೆ ಓಡಿಸಿ.

ಸರಿ, ಯಾವ ಕಾರು? ಒಬ್ಬರೋ ಇಬ್ಬರೋ ಇದ್ದರೆ ಹ್ಯುಂಡೈ ಐ10, ಕಿಯಾ ಪಿಕಾಂಟೊ ಸಾಕು. ನಿಜಕ್ಕೂ 17, 18 ಕೊಡುತ್ತವೆ, ಇನ್ಶೂರೆನ್ಸ್ ಕಡಿಮೆ. ಮೊದಲ ತಲೆಮಾರಿನ ಐ10 ಇಲ್ಲಿಗೆ ಬಂದಿದ್ದೇ ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಿಂದ. 2009ರಿಂದ ಇಲ್ಲಿ ಮಾರಿದ ಸುಜುಕಿ ಆಲ್ಟೊ ಹರಿಯಾಣದ ಮಾನೇಸರಿನದು. ನಮಗಿಂತ ಮೊದಲೇ ವೀಸಾ ಸಿಕ್ಕಿದವು! ಮಗು ಇದ್ದರೆ ಸ್ವಿಫ್ಟ್ ಅಥವಾ ಯಾರಿಸ್. ಅಪ್ಪ ಅಮ್ಮ ವರ್ಷ ವರ್ಷ ಬರುತ್ತಾರೆ ಅಂದರೆ ಹೋಂಡಾ ಜಾಝ್. ಅದರ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿದೆ, ಹಾಗಾಗಿ ಹಿಂದಿನ ಸೀಟನ್ನು ಸಿನಿಮಾ ಥಿಯೇಟರಿನ ಕುರ್ಚಿಯಂತೆ ಮೇಲಕ್ಕೆ ಮಡಿಸಬಹುದು. ಸೌತಾಲ್‌ನಿಂದ ತಂದ 20 ಕಿಲೋ ಅಕ್ಕಿ ಮೂಟೆ, ಹೀಥ್ರೋದಿಂದ ಬಂದ ಉಪ್ಪಿನಕಾಯಿ ವಾಸನೆಯ ಸೂಟ್‌ಕೇಸು, ಎಲ್ಲ ಹಿಡಿಯುತ್ತದೆ. ಇನ್ಶೂರೆನ್ಸ್ ಮಾತ್ರ ಸ್ವಲ್ಪ ಮೇಲಿನ ಗ್ರೂಪು.

ಕೆಲವು ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲೇ ಮುಳುಗಿ ತಿರುಗುತ್ತದೆ. ವೆಟ್ ಬೆಲ್ಟ್ ಅನ್ನುತ್ತಾರೆ. ಹೊತ್ತಿಗೆ ಸರಿಯಾಗಿ, ಸರಿಯಾದ ಎಣ್ಣೆ ಹಾಕದಿದ್ದರೆ ಬೆಲ್ಟ್ ಸವೆದು, ಅದರ ಚೂರು ಎಣ್ಣೆಯ ದಾರಿ ಕಟ್ಟಿ ಇಂಜಿನ್ನೇ ಹೋಗುತ್ತದೆ. ಕೊಳ್ಳುವ ಮೊದಲು ಬೆಲ್ಟೋ ಚೈನೋ ಅಂತ ಕೇಳಿ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ.

ಹಳೆ ಕಾರಿನ ಜಾತಕ ಇಲ್ಲಿ ಪುಕ್ಕಟೆ ಸಿಗುತ್ತದೆ. ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ, ಅಂದರೆ ರಸ್ತೆಗೆ ಯೋಗ್ಯವೇ ಅನ್ನುವ ತಪಾಸಣೆ, ಆಗಲೇಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಯಾವ ವರ್ಷ ಎಷ್ಟು ಮೈಲಿ, ಏನು ದೋಷ, ಎಲ್ಲ ಬರುತ್ತದೆ. 2019ರಲ್ಲಿ ಒಂದು ಕಾರು ನೋಡಲು ಹೋಗಿದ್ದೆ. ಮಾರುವವನು ಬಾಯಿ ತುಂಬ ಹೊಗಳುತ್ತಿದ್ದ, ಒಬ್ಬರೇ ಓನರ್, ಮುದುಕಿ, ಚರ್ಚಿಗೆ ಬಿಟ್ಟರೆ ತೆಗೆದೇ ಇಲ್ಲ. ನಾನು ಫೋನಿನಲ್ಲಿ ನೋಡುತ್ತಾ ನಿಂತೆ. 2016ರಲ್ಲಿ 58,000. 2017ರಲ್ಲಿ 66,000. 2018ರಲ್ಲಿ 49,000. ಅಜ್ಜಿಗೂ ಕಾರಿಗೂ ವರ್ಷ ವರ್ಷ ವಯಸ್ಸು ಇಳಿಯುತ್ತಿತ್ತು. ಟೀ ಕುಡಿದು ವಾಪಸ್ ಬಂದೆ. ಆ ಪಟ್ಟಿಯಲ್ಲಿ 'ನಿಯರ್‌ಸೈಡ್' ಅಂದರೆ ಫುಟ್‌ಪಾತ್ ಕಡೆ, 'ಆಫ್‌ಸೈಡ್' ಅಂದರೆ ಡ್ರೈವರ್ ಕಡೆ. 'ಕೊರೋಶನ್' ಅಂತ ಕಂಡರೆ ತುಕ್ಕು. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗೆ ಉಪ್ಪು ಹಾಕುತ್ತಾರೆ, ಮಂಗಳೂರಿನವರಿಗೆ ಮುಂದಿನದು ಹೇಳಬೇಕಿಲ್ಲ.

ಚಳಿಗಾಲ ಅಂದಾಗ ನೆನಪಾಯಿತು. ಗಾಜಿನ ಮೇಲೆ ಮಂಜು ಗಟ್ಟಿಯಾದರೆ ಬಿಸಿನೀರು ಹಾಕಬೇಡಿ. ಗಾಜು ಬಿರಿಯುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಆ ಡೀಸೆಲ್ಲಿಗೆ ಕೊನೆ ಹಾಡಿದ್ದು ಬಸವಣ್ಣ. ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ಬಸವಣ್ಣನ ಪ್ರತಿಮೆ ಇದೆ. 2019ರ ಮೇನಲ್ಲಿ ಅಪ್ಪ ಅಮ್ಮ ಬಂದಿದ್ದರು. ಭಾನುವಾರ ಕರೆದುಕೊಂಡು ಹೋದೆ. ಲಂಡನ್ ನಡುವಿಗೆ ಕಾರು ತಂದರೆ ಕಟ್ಟಬೇಕಾದ ಕಂಜೆಶನ್ ಚಾರ್ಜ್ ಆಗ ಭಾನುವಾರ ಇರುತ್ತಿರಲಿಲ್ಲ, ಅದಕ್ಕೇ ಆ ದಿನ. ಅದರ ಹಿಂದಿನ ತಿಂಗಳಷ್ಟೇ ಯೂಲೆಜ್ ಅನ್ನುವ ಕಡಿಮೆ ಹೊಗೆಯ ವಲಯ ಶುರುವಾಗಿತ್ತು, ಹೊಗೆ ಜಾಸ್ತಿ ಬಿಡುವ ಕಾರಿಗೆ ದಿನಕ್ಕೆ 12.50 ಪೌಂಡ್, ವಾರದ ಏಳೂ ದಿನ. ಅದು ನನ್ನ ತಲೆಗೇ ಬರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಪ್ರತಿಮೆಗೆ ಕೈಮುಗಿದರು, ನಾನು ಫೋಟೋ ತೆಗೆದೆ. ಎರಡು ವಾರಕ್ಕೆ 160 ಪೌಂಡಿನ ದಂಡದ ಕಾಗದ ಬಂತು, ಬೇಗ ಕಟ್ಟಿದರೆ ಅರ್ಧ. ಈಗ ಈ ವಲಯ ಇಡೀ ಲಂಡನ್ನಿಗೇ ಹರಡಿದೆ, ಹೀಥ್ರೋ ಕೂಡ ಸೇರಿ. 2006ರ ಈಚಿನ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾರು. ಡೀಸೆಲ್ ಆದರೆ 2015ರ ಸೆಪ್ಟೆಂಬರಿನ ಈಚಿನದು ಇರಬೇಕು.

ಅದೇ ತಿಂಗಳು ಇನ್ನೊಂದು ನಡೆಯಿತು. ಅಪ್ಪ ಊರಿನ ಅಭ್ಯಾಸದಂತೆ ಪಂಪಿಗೆ ಹೋದಾಗಲೆಲ್ಲ ಡೈರಿಯಲ್ಲಿ ಲೀಟರ್, ಮೀಟರ್ ಎರಡನ್ನೂ ಬರೆಯುತ್ತಿದ್ದರು. ಒಂದು ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಕೂತು ಲೆಕ್ಕ ಹಾಕಿದರು. ಮೈಲಿಯನ್ನು ಕಿಲೋಮೀಟರ್ ಮಾಡಿದರು. ಮತ್ತೆ ಹಾಕಿದರು. ಹದಿನಾಲ್ಕೂ ಮುಟ್ಟಲಿಲ್ಲ. ಡೈರಿ ಮುಚ್ಚಿ, "ಹೋಗ್ಲಿ ಬಿಡು. ಊರಲ್ಲಿ ಯಾರಿಗೂ ಹೇಳೋದು ಬೇಡ" ಅಂದರು.

ಆಗಸ್ಟಿನಲ್ಲಿ ಅದನ್ನು ಸಿಕ್ಕಷ್ಟಕ್ಕೆ ಮಾರಿ, ನಾಲ್ಕು ವರ್ಷ ಹಳೆಯ ಯಾರಿಸ್ ಹೈಬ್ರಿಡ್ ತಂದೆ. ಪ್ಲಗ್ ಹಾಕುವ ಗೋಜಿಲ್ಲ, ಬ್ರೇಕ್ ತುಳಿದಾಗ ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ. ನನ್ನಂಥ ಏಳು ಮೈಲಿ ಗಿರಾಕಿಗೆ ಹೇಳಿ ಮಾಡಿಸಿದ್ದು. ರೋಡ್ ಟ್ಯಾಕ್ಸ್ ಸೊನ್ನೆ ಇತ್ತು, 2025ರ ಏಪ್ರಿಲಿನಿಂದ 20 ಪೌಂಡ್. ಕುಂದು ಇಲ್ಲವೆಂದಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರುವಾಗ, ಐದು ಜನ ಕೂತು ಎಂ40 ಮೋಟಾರ್‌ವೇಯ ಸ್ಟೋಕನ್‌ಚರ್ಚ್ ಏರು ಹತ್ತಬೇಕಾದರೆ ಇಂಜಿನ್ ಮಿಕ್ಸಿಯಂತೆ ಕೂಗುತ್ತದೆ. ಹೈಬ್ರಿಡ್‌ಗಳ ಕೆಳಗಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕದಿಯುವವರೂ ಇದ್ದಾರೆ, ರಾತ್ರಿ ಗೋಡೆಗೆ ಒತ್ತಿ ನಿಲ್ಲಿಸಿ. ಆದರೆ ಸಣ್ಣ ಕಾರಿನಲ್ಲಿ ಹಿಂದಿನ ಸೀಟಿನ ಮಾತೆಲ್ಲ ಕೇಳಿಸುತ್ತದೆ. ಮಗಳು ಗೆಳತಿಯ ಜೊತೆ ಯಾವ ಭಾಷೆಯಲ್ಲಿ ಜಗಳವಾಡುತ್ತಾಳೆ, ಕನ್ನಡ ಕ್ಲಾಸು ಮುಗಿದು ಎಷ್ಟನೇ ರೌಂಡ್‌ಅಬೌಟಿನಲ್ಲಿ ಇಂಗ್ಲಿಷಿಗೆ ತಿರುಗುತ್ತಾಳೆ ಅನ್ನುವುದು ನನಗೆ ಗೊತ್ತಿರುವುದು ಈ ಕಾರಿನಿಂದ. ಎರಡನೇ ರೌಂಡ್‌ಅಬೌಟು.

ಆ ವರ್ಷದ ಆಯುಧ ಪೂಜೆಗೆ ಬೂದುಗುಂಬಳಕಾಯಿ ಎಲ್ಲೂ ಸಿಗಲಿಲ್ಲ. ಸೂಪರ್‌ಮಾರ್ಕೆಟಿನಲ್ಲಿ ಹ್ಯಾಲೋವೀನಿನ ಕಿತ್ತಳೆ ಬಣ್ಣದ ಕುಂಬಳ ರಾಶಿ ಬಿದ್ದಿತ್ತು. ಒಂದು ತಂದು, ನೆತ್ತಿ ಕೊರೆದು, ಕುಂಕುಮ ತುಂಬಿ, ತುಂತುರು ಮಳೆಯಲ್ಲಿ ಕಾರಿನ ಮುಂದೆ ನಿವಾಳಿಸಿದೆ. ರಸ್ತೆಗೆ ಒಡೆದರೆ ಯಾರೇನಂತಾರೋ ಅಂತ ಹೆದರಿ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಒಡೆದೆ. ಚಕ್ರದ ಕೆಳಗಿನ ನಿಂಬೆಹಣ್ಣು ಒಂದು ಪಚ್ ಅಂತು, ಒಂದು ಜಾರಿ ಎದುರು ಮನೆಯ ಗೇಟಿಗೆ ಉರುಳಿತು. ಅವನು ಅದನ್ನು ಎತ್ತಿಕೊಂಡು ಬಂದು ಇದೇನು ಅಂತ ಕೇಳಿದ. ನಾನು ದೃಷ್ಟಿ ಅನ್ನುವುದಕ್ಕೆ ಇಂಗ್ಲಿಷ್ ಹುಡುಕುತ್ತಿದ್ದೆ. ಏಳು ವರ್ಷದ ಮಗಳು ಥಟ್ಟನೆ ಹೇಳಿದಳು, ಇವತ್ತು ಅಪ್ಪನ ಕಾರಿನ ಬರ್ತ್‌ಡೇ ಅಂತ. ಅವನು ಕಾರಿಗೆ ಹ್ಯಾಪಿ ಬರ್ತ್‌ಡೇ ಹೇಳಿ, ನಿಂಬೆಹಣ್ಣು ಕೊಟ್ಟು ಹೋದ. ಆ ಬೀದಿಯಲ್ಲಿ ನನ್ನ ಕಾರನ್ನು ಒಬ್ಬರು ಮಾತಾಡಿಸಿದ್ದು ಅದೇ ಮೊದಲು.

ಈಗ ಅವಳಿಗೆ ಹದಿಮೂರು. ಹದಿನೇಳಕ್ಕೆ ಲೈಸೆನ್ಸ್, ಈ ಕಾರು ತನಗೇ ಅಂತ ಹೇಳಿಟ್ಟಿದ್ದಾಳೆ. ಆ ವಯಸ್ಸಿನವರ ಇನ್ಶೂರೆನ್ಸ್ ಎಷ್ಟು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಕಳೆದ ಭಾನುವಾರ ಅಪ್ಪ ವಿಡಿಯೊ ಕಾಲ್ ಮಾಡಿದ್ದರು. ಅವರೀಗ ವಿಮಾನ ಹತ್ತುವುದಿಲ್ಲ. ಮೊಮ್ಮಗಳನ್ನು ಸ್ಕೂಲು, ಊಟ ಎಲ್ಲ ಕೇಳಿ ಆದ ಮೇಲೆ ಕೇಳಿದರು, "ಕಾರು ಹೇಗಿದೆ ಪುಟ್ಟಿ? ಎಷ್ಟು ಕೊಡುತ್ತೆ?"

"ಸಿಕ್ಸ್‌ಟಿ, ತಾತ."

"ಗ್ಯಾಲನ್ನಿಗೆ ತಾನೇ?" ಅಂದರು ಅಪ್ಪ.