ಬಸುರಿಯ ಬಿಪಿ, ನಾಡಿ: ಅಳೆಯುವುದು ಹೇಗೆ, ಅರ್ಥ ಮಾಡಿಕೊಳ್ಳುವುದು ಹೇಗೆ

ಮೊದಲ ಮೂರು ತಿಂಗಳೊಳಗೇ ಒಮ್ಮೆ ಬಿಪಿ ನೋಡಿ ಬರೆದಿಡಿ. ಐದನೇ ತಿಂಗಳಲ್ಲಿ ಮೊದಲ ಸಲ ನೋಡಿದರೆ ಆ ಅಂಕಿ ದಾರಿ ತಪ್ಪಿಸಬಹುದು. ಬಸುರಿನ ಆರಂಭದಲ್ಲೇ ರಕ್ತನಾಳಗಳು ಸಡಿಲಗೊಂಡು ಅಗಲವಾಗುತ್ತವೆ. ಹೀಗಾಗಿ ಹೃದಯ ಹೆಚ್ಚು ರಕ್ತ ತಳ್ಳುತ್ತಿದ್ದರೂ ಒತ್ತಡ ಇಳಿಯುತ್ತದೆ. ಕೆಳಗಿನ ಅಂಕಿ ಸಾಮಾನ್ಯವಾಗಿ 5ರಿಂದ 10ರಷ್ಟು ತಗ್ಗಿ, ಹೆರಿಗೆ ಹತ್ತಿರವಾದಂತೆ ಹಳೆಯ ಮಟ್ಟಕ್ಕೆ ಮರಳುತ್ತದೆ. ಮೊದಲಿನಿಂದ ಬಿಪಿ ಇದ್ದವರಿಗೂ ನಡುವಿನ ತಿಂಗಳುಗಳಲ್ಲಿ ನಾರ್ಮಲ್ ಬರುವುದು ಇದರಿಂದಲೇ.

ಅಳೆಯುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ. ಅರ್ಧ ಗಂಟೆ ಕಾಫಿ, ಟೀ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂರಿ. ಕಾಲ ಮೇಲೆ ಕಾಲು ಹಾಕಿದರೆ ಅಂಕಿ ಏರುತ್ತದೆ. ತೋಳು ಮೇಜಿನ ಮೇಲೆ, ಹೃದಯದ ಮಟ್ಟದಲ್ಲಿರಲಿ. ಹೆಚ್ಚು ಎಡವಟ್ಟಾಗುವುದು ತೋಳಿಗೆ ಸುತ್ತುವ ಪಟ್ಟಿಯಲ್ಲಿ (ಕಫ್): ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದೇ ಪಟ್ಟಿ ಆರಿಸಿ. ಗರ್ಭಿಣಿಯರಲ್ಲಿ ಪರೀಕ್ಷಿಸಿದ ಮೆಷಿನ್ ಆದರೆ ಒಳ್ಳೆಯದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ.

ನಾಡಿ ಮೊದಲಿಗಿಂತ ನಿಮಿಷಕ್ಕೆ 10ರಿಂದ 20 ಹೆಚ್ಚಿದ್ದರೆ ಅದು ಸಹಜ. ಹೃದಯ ತಳ್ಳುವ ರಕ್ತ 30ರಿಂದ 50 ಶೇಕಡಾ ಏರಿರುತ್ತದೆ. ರಕ್ತದ ನೀರಿನಂಶ ಕೆಂಪುಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ಹಿಮೋಗ್ಲೋಬಿನ್ ತುಸು ಇಳಿಯುತ್ತದೆ. ಆದರೆ 11 ಗ್ರಾಂಗಿಂತ (ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ) ಕೆಳಗೆ ಹೋದರೆ "ಬಸುರಿಯಲ್ಲಿ ಹೀಗೇ" ಎಂದು ಬಿಡಬೇಡಿ, ಅದು ರಕ್ತಹೀನತೆ.

ಐದು ತಿಂಗಳ ನಂತರ ಅಂಗಾತ ಮಲಗಿದಾಗ ತಲೆ ಸುತ್ತಿ ಬೆವರಿದರೆ, ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯನ್ನು ಒತ್ತಿ ಹೃದಯಕ್ಕೆ ಮರಳುವ ರಕ್ತವನ್ನು ತಡೆದಿದೆ ಎಂದರ್ಥ. ಎಡಮಗ್ಗುಲಿಗೆ ಹೊರಳಿದರೆ ಸರಿಹೋಗುತ್ತದೆ. ಆದರೆ ಮಗ್ಗುಲಾಗಿ ಮಲಗಿ ಮೇಲಿನ ತೋಳಲ್ಲಿ ಬಿಪಿ ನೋಡಬೇಡಿ; ತೋಳು ಹೃದಯಕ್ಕಿಂತ ಎತ್ತರದಲ್ಲಿರುವುದರಿಂದ ಅಂಕಿ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ.

140/90 ಅಥವಾ ಮೇಲೆ ಬಂದರೆ, ಎರಡರಲ್ಲಿ ಒಂದೇ ಅಂಕಿ ದಾಟಿದ್ದರೂ, ಅದೇ ದಿನ ವೈದ್ಯರಿಗೆ ತಿಳಿಸಿ. 160/110 ಬಂದರೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಯ ಕೆಳಗೆ ನೋವು, ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು ಇದ್ದರಂತೂ ಅಂಕಿ ಎಷ್ಟೇ ಇರಲಿ, ಹೊರಡಿ. ಹೆರಿಗೆಯಾಯಿತೆಂದು ಮೆಷಿನ್ ಎತ್ತಿಡಬೇಡಿ: 3ರಿಂದ 6ನೇ ದಿನದ ನಡುವೆ ಬಿಪಿ ಮತ್ತೆ ಏರುವುದುಂಟು.