ಮಸುಕಾದ ಸ್ಪೆಕ್ಟ್ರೋಗ್ರಾಂ ಚೂಪಾಗಿಸುವ ಬಗೆ

ಶುದ್ಧವಾದ ಒಂದೇ ಸ್ವರ ಕೂಡ ಸ್ಪೆಕ್ಟ್ರೋಗ್ರಾಂನಲ್ಲಿ (ಯಾವ ಹೊತ್ತಿಗೆ ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಚಿತ್ರ) ದಪ್ಪ ಪಟ್ಟಿಯಾಗಿ ಕಾಣುವುದು ವಿಂಡೋ ದೆಸೆಯಿಂದ, ಅಂದರೆ ಲೆಕ್ಕಕ್ಕಾಗಿ ಸಿಗ್ನಲ್ ಅನ್ನು ತುಂಡು ತುಂಡಾಗಿ ನೋಡುವ ಕಿಟಕಿಯಿಂದ. ಆ ಪಟ್ಟಿಯ ಪ್ರತಿ ಬಿಂದುವಿನ ಶಕ್ತಿಯನ್ನು ಅದರ ಮೂಲಸ್ಥಾನಕ್ಕೆ ಸರಿಸುವುದೇ ರೀಅಸೈನ್‌ಮೆಂಟ್. ಆದರೆ ವಿಂಡೋದೊಳಗೆ ಬೆರೆತುಹೋದ ಎರಡು ಸ್ವರಗಳನ್ನು ಇದು ಬಿಡಿಸಲಾರದು. ಅದಕ್ಕೇ ಮೊದಲು ವಿಂಡೋ ಉದ್ದ ಗೊತ್ತುಮಾಡಿಕೊಳ್ಳಿ.

ಸೆಕೆಂಡಿಗೆ 1000 ಸ್ಯಾಂಪಲ್ ಇರುವ ಸಿಗ್ನಲ್‌ನಲ್ಲಿ 100 ಮತ್ತು 110 ಹರ್ಟ್ಸ್ ಸ್ವರಗಳಿವೆ ಎನ್ನಿ. ಸ್ಯಾಂಪಲಿಂಗ್ ದರದ ನಾಲ್ಕು ಪಟ್ಟನ್ನು ಉದ್ದದಿಂದ ಭಾಗಿಸಿದರೆ ಹ್ಯಾನ್ ವಿಂಡೋದ (ಅಂಚುಗಳಲ್ಲಿ ಸೊನ್ನೆಗೆ ಇಳಿಯುವ ವಿಂಡೋ) ಮೇನ್‌ಲೋಬ್ ಅಗಲ, ಅಂದರೆ ಒಂದು ಸ್ವರದ ಪಟ್ಟಿಯ ಅಗಲ, ಸಿಗುತ್ತದೆ. 128 ಸ್ಯಾಂಪಲ್ ಇಟ್ಟರೆ ಅದು 31 ಹರ್ಟ್ಸ್. ಸ್ವರಗಳ ಅಂತರ 10 ಹರ್ಟ್ಸ್ ಮಾತ್ರ, ಹಾಗಾಗಿ ಅವು ಬೆರೆತು, ಸೆಕೆಂಡಿಗೆ 10 ಸಲ ಕೂಡಿ ಬಿಡುವ ಸರಪಳಿಯಂಥ ಆಕೃತಿ ಕಾಣುತ್ತದೆ. 512 ಇಟ್ಟರೆ 7.8 ಹರ್ಟ್ಸ್; ಎರಡು ಗೆರೆ ಬೇರೆಯಾಗುತ್ತವೆ. ಇದಕ್ಕೆ ತೆರುವ ಬೆಲೆ: ಅರ್ಧ ಸೆಕೆಂಡಿನೊಳಗೆ ಬರುವ ಎರಡು ಬಡಿತಗಳು ಬೆರೆಯಬಹುದು.

ಈಗ ಲೆಕ್ಕ. ಒಂದೇ ಸಿಗ್ನಲ್‌ಗೆ ಮೂರು ಸಲ ಎಫ್‌ಎಫ್‌ಟಿ (ಸಿಗ್ನಲ್ ಅನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿ: ಮೂಲ ವಿಂಡೋದಿಂದ, ಸಮಯದಿಂದ ಗುಣಿಸಿದ ವಿಂಡೋದಿಂದ (ಮಧ್ಯಬಿಂದುವೇ ಸೊನ್ನೆ), ವಿಂಡೋದ ಡೆರಿವೇಟಿವ್‌ನಿಂದ (ಬದಲಾಗುವ ದರ). ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಅದರ ವಾಸ್ತವ ಭಾಗವನ್ನು ಸಮಯಕ್ಕೆ ಕೂಡಿಸಿ. ಮೂರನೆಯದನ್ನು ಮೊದಲನೆಯದರಿಂದ ಭಾಗಿಸಿ, ಕಾಲ್ಪನಿಕ ಭಾಗವನ್ನು 2π ಇಂದ ಭಾಗಿಸಿ ಆವರ್ತನದಿಂದ ಕಳೆಯಿರಿ. ಡೆರಿವೇಟಿವ್ ಸೆಕೆಂಡಿನ ಲೆಕ್ಕದಲ್ಲಿರಲಿ. ಸ್ಯಾಂಪಲ್ ಲೆಕ್ಕದಲ್ಲೇ ಬಿಟ್ಟರೆ ಇಲ್ಲಿ ತಿದ್ದುಪಡಿ ಸಾವಿರ ಪಟ್ಟು ಕುಗ್ಗಿ, ಆವರ್ತನದ ದಿಕ್ಕಿನಲ್ಲಿ ಚಿತ್ರ ಇದ್ದ ಹಾಗೇ ಇರುತ್ತದೆ.

ಚಿಹ್ನೆ ತಪ್ಪುವುದು ಎಲ್ಲರಿಗೂ ಆಗುವಂಥದ್ದೇ. ಬರೀ 100 ಹರ್ಟ್ಸ್ ಸ್ವರ ಕೊಟ್ಟು, 1024 ಬಿಂದುಗಳ ಎಫ್‌ಎಫ್‌ಟಿಯಲ್ಲಿ 100ನೇ ಬಿನ್ (ಆವರ್ತನದ ಮನೆ) ನೋಡಿ. ಅದರ ಜಾಗ 97.66 ಹರ್ಟ್ಸ್. ತಿದ್ದಿದ ಮೇಲೆ 100 ಬರಬೇಕು, 95.3 ಬಂದರೆ ಕಳೆಯುವಲ್ಲಿ ಕೂಡಿಸಿದ್ದೀರಿ. ಸಮಯದ ತಿದ್ದುಪಡಿ ಪರೀಕ್ಷಿಸಲು ಒಂಟಿ ಇಂಪಲ್ಸ್ (ಒಂದೇ ಕ್ಷಣದ ಬಡಿತ) ಸಾಕು. ಪೈಥಾನ್‌ನ ಆಡಿಯೋ ಲೈಬ್ರರಿ ಲಿಬ್ರೋಸಾದ ಸಿದ್ಧ ಫಂಕ್ಷನ್ ಬಳಸಿದರೂ ಈ ಎರಡು ಪರೀಕ್ಷೆ ಬಿಡಬೇಡಿ.

ಗರಿಷ್ಠಕ್ಕಿಂತ 40ರಿಂದ 60 ಡೆಸಿಬೆಲ್ ಕೆಳಗಿನ ಬಿಂದುಗಳನ್ನು ಕೈಬಿಡಿ. ಸೊನ್ನೆಗೆ ಹತ್ತಿರದ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ ಎಲ್ಲೆಲ್ಲಿಗೋ ಹಾರುತ್ತದೆ. ಅಷ್ಟಾದರೂ ನಾಯ್ಸ್ ತೆಳುಗೆರೆಗಳಾಗಿ ಮೂಡೀತು. ಚೂಪಾಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ವಿಂಡೋ ಉದ್ದ ಬದಲಿಸಿದರೂ ಕದಲದೆ ನಿಂತ ಗೆರೆಗೆ ಮಾತ್ರ ಬೆಲೆ ಕೊಡಿ.

ಒಂದು ಘಟಕವನ್ನು ಪ್ರತ್ಯೇಕಿಸಿ ಮರಳಿ ಸಿಗ್ನಲ್ ಆಗಿಸಬೇಕಿದ್ದರೆ ರೀಅಸೈನ್‌ಮೆಂಟ್ ಕೆಲಸಕ್ಕೆ ಬರುವುದಿಲ್ಲ, ಸಿಂಕ್ರೋಸ್ಕ್ವೀಜಿಂಗ್ ಬೇಕು. ಇಲ್ಲಿ ಸಮಯ ಸರಿಸುವುದಿಲ್ಲ. ಸಂಕೀರ್ಣ ಸಂಖ್ಯೆಗಳನ್ನೇ ಆವರ್ತನದ ದಿಕ್ಕಿನಲ್ಲಿ ಸರಿಸಿ ಕೂಡಿಸುತ್ತೇವೆ. ಆದ್ದರಿಂದ ಫೇಸ್ ಅನ್ನು (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಕೋನ) ಫ್ರೇಮಿನ, ಅಂದರೆ ವಿಂಡೋ ಕೂತ ತುಂಡಿನ, ಮಧ್ಯದಿಂದ ಅಳೆದಿರಬೇಕು. ಆರಂಭದಿಂದ ಅಳೆದಿದ್ದರೆ ಕೂಡಿಸುವಾಗ ಬಿನ್‌ಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆವರ್ತನ ವೇಗವಾಗಿ ಏರಿಳಿಯುವ ಚರ್ಪ್‌ಗಳಲ್ಲಿ ಗೆರೆ ಮತ್ತೆ ಮಸುಕಾದರೆ ಸಿಂಕ್ರೋಸ್ಕ್ವೀಜಿಂಗ್‌ನ ಎರಡನೇ ದರ್ಜೆಯ ರೂಪ ಬಳಸಿ. ಮರಳಿ ಪಡೆದ ಘಟಕವನ್ನು ಮೂಲದಿಂದ ಕಳೆದು ನೋಡಿ: ಉಳಿದುದರಲ್ಲಿ ಅದೇ ಗೆರೆ ಇನ್ನೂ ಕಂಡರೆ, ಕೂಡಿಸಲು ಆರಿಸಿದ ಆವರ್ತನದ ಬ್ಯಾಂಡ್ ಕಿರಿದಾಗಿದೆ.